ಯಾರ ಪಾಪಕ್ಕೆ ಈ ನೋವು?

ನಮಸ್ಕಾರ. ನನ್ನ ಹಿಂದೆ ಕಾಣುತ್ತಿರುವುದು ಕಾಸರಗೋಡಿನ ಬೇಳದ ಶೋಕಮಾತಾ ಇಗರ್ಜಿ (ಚರ್ಚ್), 1890ರದ್ದು. ಮಗನನ್ನು ಶಿಲುಬೆಯಲ್ಲಿ ಕಳೆದುಕೊಂಡ ತಾಯಿಯ ಹೆಸರಿನ ಇಗರ್ಜಿ. ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆಗೆ ಇದೇ ಸರಿಯಾದ ಜಾಗ: ದೇವರು ಒಳ್ಳೆಯವನಾದರೆ, ತಪ್ಪು ಮಾಡದವರಿಗೆ ಯಾಕಿಷ್ಟು ನೋವು?

ನಮ್ಮ ಜಿಲ್ಲೆಗೆ ಇದು ಪುಸ್ತಕದ ಪ್ರಶ್ನೆಯಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆ, ಪಡ್ರೆ ಊರುಗಳ ಕಡೆ ಕಾಯಿಲೆ, ಅಂಗವೈಕಲ್ಯದಿಂದ ನರಳುವ ಮಕ್ಕಳ ಸ್ಥಿತಿ ನೋಡಿ ಕೆಲವರು ಮೊದಲು ನಂಬಿದ್ದು ದೈವದ ಮುನಿಸು, ಶಾಪ ಅಂತ.

ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲೂ ಇದೇ ಮಾತಿದೆ. ಹುಟ್ಟಿನಿಂದ ಕಣ್ಣಿಲ್ಲದವನನ್ನು ನೋಡಿ ಶಿಷ್ಯರು ಕೇಳುತ್ತಾರೆ: ಪಾಪ ಮಾಡಿದ್ದು ಇವನೋ, ಇವನ ಅಪ್ಪ ಅಮ್ಮನೋ? ಇವನೂ ಅಲ್ಲ, ಅವರೂ ಅಲ್ಲ ಅಂದರು ಯೇಸುಸ್ವಾಮಿ. ದೇವರ ಕೆಲಸ ಇವನಲ್ಲಿ ಕಾಣಬೇಕು ಅಂದು, ಮಣ್ಣು ಕಲಸಿ ಕಣ್ಣಿಗೆ ಹಚ್ಚಿದರು.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಬೈಬಲಿನದೇ ಯೋಬ ಎಂಬ ತಪ್ಪಿಲ್ಲದವನ ಕಥೆ. ಹತ್ತು ಮಕ್ಕಳು, ಆಸ್ತಿ, ಆರೋಗ್ಯ, ಎಲ್ಲ ಹೋಯಿತು. ಎಲೀಫಜ, ಬಿಲ್ದದ, ಚೋಫರ ಅಂತ ಮೂವರು ಗೆಳೆಯರು ಬಂದರು. ಅವನ ಗುರುತೇ ಸಿಗಲಿಲ್ಲ, ಗಟ್ಟಿಯಾಗಿ ಅತ್ತರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಬ್ಬರೂ ಮಾತಾಡಲಿಲ್ಲ. ಅವರು ಮಾಡಿದ ಅತಿ ಒಳ್ಳೆಯ ಕೆಲಸ ಅದು. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು: ನೀನೇ ಏನೋ ಪಾಪ ಮಾಡಿರಬೇಕು! ಯೋಬ ಒಪ್ಪಲಿಲ್ಲ. ದೇವರ ಜೊತೆಗೇ ವಾದಕ್ಕಿಳಿದ. ಅವನಿಗೂ ದೇವರು ಖಾರವಾಗಿಯೇ ಉತ್ತರ ಕೊಟ್ಟ, ನಿಜ. ಆದರೆ 42ನೇ ಅಧ್ಯಾಯದಲ್ಲಿ ಕೋಪ ಬೀಳುವುದು ಯಾರ ಮೇಲೆ? ದೇವರ ಪರ ವಕಾಲತ್ತು ಮಾಡಿದ ಗೆಳೆಯರ ಮೇಲೆ. ನನ್ನ ಬಗ್ಗೆ ಸರಿಯಾಗಿ ಮಾತಾಡಿದ್ದು ಯೋಬನೇ, ನೀವಲ್ಲ ಅನ್ನುತ್ತಾನೆ ದೇವರು. ಎಂಥ ಧೈರ್ಯದ ಪುಸ್ತಕ, ಅಲ್ವಾ?

ಸಮಯ ಕಡಿಮೆ, ಉಳಿದದ್ದು ಬೇಗ ಹೇಳುತ್ತೇನೆ. ಮನುಷ್ಯ ತನ್ನ ಸ್ವಾತಂತ್ರ್ಯವನ್ನು ಕೆಟ್ಟದಾಗಿ ಬಳಸಿದ್ದರಿಂದ ಕೆಡುಕು ಬಂತು ಅಂದವರು ಸಂತ ಅಗಸ್ಟೀನ್. ಮನುಷ್ಯ ಇನ್ನೂ ಬೆಳೆಯುತ್ತಿರುವವನು, ಕಷ್ಟವೂ ಆ ಬೆಳವಣಿಗೆಯ ದಾರಿ ಅಂದವರು 2ನೇ ಶತಮಾನದ ಬಿಷಪ್ ಐರೇನಿಯಸ್. ಎರಡರಲ್ಲೂ ಹುರುಳಿದೆ. ಆದರೆ ಹಾಸಿಗೆ ಹಿಡಿದ ಮಗುವಿನ ತಾಯಿಯ ಮುಂದೆ ಹೇಳುವ ಮಾತುಗಳಲ್ಲ.

ಹಾಗಾದರೆ ಒಳ್ಳೆಯ ಬಾಳು ಅಂದರೆ ಏನು? ಯೋಬನ ಆಸ್ತಿ ಇಮ್ಮಡಿಯಾಯಿತು. ಅದರ ಮುಂದಿನ ವಚನವನ್ನೂ ಓದಿ: ಬಂಧುಗಳು ಬಂದು ಅವನ ಮನೆಯಲ್ಲಿ ಉಂಡು ಸಮಾಧಾನ ಹೇಳಿದರು. ಆಸ್ತಿ ಬಂದರೂ ಜನ ಬೇಕಿತ್ತು. ಇಲ್ಲೂ ಹಾಗೇ. 2017ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂದಿತು. ಅಷ್ಟು ಸಾಲದು ಅಂತಲೇ 2022ರ ಅಕ್ಟೋಬರಿನಲ್ಲಿ, ಒಂದು ಕಾಲದಲ್ಲಿ ಕನ್ಯಾಸ್ತ್ರೀಯಾಗಲು ಹೊರಟಿದ್ದ ಸಮಾಜ ಸೇವಕಿ ದಯಾಬಾಯಿ, 80 ದಾಟಿದ ವಯಸ್ಸಿನಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಉಪವಾಸ ಕೂತರು. ಕೇಳಿದ್ದು ಕಾಸರಗೋಡಿಗೆ ಏಮ್ಸ್ ಎಂಬ ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆ, ಸಂತ್ರಸ್ತರನ್ನು ಹಗಲು ನೋಡಿಕೊಳ್ಳುವ ಕೇಂದ್ರಗಳು.

ನಿಮ್ಮ ಊರಲ್ಲಿ ಅಂಥ ಮಗುವಿರುವ ಮನೆ ಇದ್ದರೆ ಒಮ್ಮೆ ಹೋಗಿ. ಉಪದೇಶ ಬೇಡ. ಮಗುವಿನ ಹತ್ತಿರ ಒಂದು ಗಂಟೆ ನೀವು ಕೂತರೆ, ತಾಯಿ ಪೇಟೆಗೆ ಹೋಗಿ ಬರಬಹುದು.