ರಾತ್ರಿ 9ಕ್ಕೆ ನೆಟ್ ತೆವಳಿದ್ರೆ ಬೈಬೇಕಾದ್ದು ಯಾರನ್ನ?

ರಾತ್ರಿ 9 ಆದ್ರೆ ಸಾಕು, ನೆಟ್ ತೆವಳೋಕೆ ಶುರು. ಆಗ ನಮ್ಮ ಸಿಟ್ಟೆಲ್ಲ ದೊಡ್ಡ ಟಿವಿಯಲ್ಲಿ ಫೋರ್‌ಕೆ (4K, ತುಂಬಾ ಸ್ಪಷ್ಟ ಚಿತ್ರದ) ಸಿನಿಮಾ ಹಾಕಿಕೊಂಡು ಕೂತಿರೋ ಪಕ್ಕದ ಮನೆಯವರ ಮೇಲೆ. "ಎಲ್ಲಾ ಅವರೇ ಎಳ್ಕೋತಾರೆ" ಅಂತ. ಸ್ವಲ್ಪ ತಡೀರಿ, ಲೆಕ್ಕ ಹಾಕೋಣ.

ಫೈಬರ್ ಅಂದ್ರೆ ನಿಮ್ಮ ಮನೆಗೇ ಅಂತ ಬೇರೆ ಲೈನ್ ಬರಲ್ಲ. ಬಹಳ ಕಡೆ ಇರೋ ಜಿಪಾನ್ (GPON) ಅನ್ನೋ ಫೈಬರ್ ವ್ಯವಸ್ಥೆಯಲ್ಲಿ ಒಂದೇ ಎಳೆ ಬಂದು, ಸ್ಪ್ಲಿಟರ್‌ನಲ್ಲಿ 32 ಅಥವಾ 64 ಮನೆಗೆ ಕವಲೊಡೆಯುತ್ತೆ. ಆ ಎಳೆಯ ಒಟ್ಟು ಡೌನ್‌ಲೋಡ್ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಅಂದ್ರೆ 2,500 ಮೆಗಾಬಿಟ್. ಫೋರ್‌ಕೆಗೆ ಸೆಕೆಂಡಿಗೆ 15 ಮೆಗಾಬಿಟ್ ಇರಲಿ ಅನ್ನುತ್ತೆ ನೆಟ್‌ಫ್ಲಿಕ್ಸ್. 64 ಮನೆಯವರೂ ಒಂದೇ ಹೊತ್ತಿಗೆ ನೋಡಿದ್ರೂ 960 ಮೆಗಾಬಿಟ್. ಅರ್ಧ ಕೂಡ ತುಂಬಲಿಲ್ಲ!

ಹಾಗಾದ್ರೆ ಇಕ್ಕಟ್ಟು ಎಲ್ಲಿ? ಎಷ್ಟೋ ಸಲ ಅದರ ಮೇಲಿನ ಹಂತದಲ್ಲಿ. ಇಂಥ ಹಲವು ಎಳೆಗಳು ಕಂಪನಿಯ ಒಂದು ಪೆಟ್ಟಿಗೆಗೆ ಸೇರಿ, ಅಲ್ಲಿಂದಾಚೆ ಒಂದೋ ಎರಡೋ ಲಿಂಕಲ್ಲೇ ಹೋಗಬೇಕು. ಎಲ್ಲರೂ ಒಟ್ಟಿಗೆ ಬಳಸಲ್ಲ ಅನ್ನೋ ಧೈರ್ಯದ ಮೇಲೆ ಅದೇ ಸಾಮರ್ಥ್ಯವನ್ನ ಎಷ್ಟೋ ಮನೆಗೆ ಮಾರಿರ್ತಾರೆ. ಅದನ್ನ ನಾನು ಮೋಸ ಅನ್ನಲ್ಲ, ಹಂಚದೇ ಇದ್ರೆ ನೆಟ್ ಯಾರ ಕೈಗೂ ಎಟುಕಲ್ಲ. ಆದ್ರೆ ಈಗ ಸಂಜೆ ಮನೆಮನೆಯಲ್ಲೂ ವಿಡಿಯೋ ಓಡುತ್ತೆ. ಲಿಂಕ್ ಹೆಚ್ಚಿಸದೆ ಹೊಸ ಕನೆಕ್ಷನ್ ಕೊಡ್ತಾನೇ ಹೋಗೋದಿದೆಯಲ್ಲ, ಅದು ತಪ್ಪು.

ಇದರ ಏಟು ಎಲ್ಲರಿಗೂ ಒಂದೇ ಥರ ಬೀಳಲ್ಲ. ಆ ಲಿಂಕ್ ತುಂಬಿದಾಗಲೂ ಪಕ್ಕದ ಮನೆ ಸಿನಿಮಾ ಓಡ್ತಾನೇ ಇರುತ್ತೆ, ನಿಮ್ಮ ವಿಡಿಯೋ ಕಾಲ್‌ನಲ್ಲಿ ಮಾತ್ರ ಮುಖ ಅಲ್ಲೇ ನಿಂತುಬಿಡುತ್ತೆ. ಸಿನಿಮಾ ಬರೋದು ಕೆಲವೇ ಸೆಕೆಂಡಿನ ತುಣುಕುಗಳಾಗಿ, ಮುಂದಿನ ಒಂದಿಷ್ಟು ತುಣುಕು ಮೊದಲೇ ಬಂದು ಕೂತಿರುತ್ತೆ. ವೇಗ ಇಳಿದ್ರೆ ಆ್ಯಪ್ ತಾನಾಗೇ ಕಡಿಮೆ ಗುಣಮಟ್ಟದ ತುಣುಕು ಕೇಳುತ್ತೆ, ಚಿತ್ರ ಒಂಚೂರು ಮಸುಕಾಗುತ್ತೆ ಅಷ್ಟೇ. ಕಾಲ್‌ನಲ್ಲಿ? ಮುಂದಿನ ಮಾತನ್ನ ಆ ಕಡೆಯವರು ಇನ್ನೂ ಆಡಿಯೇ ಇಲ್ಲ, ಮೊದಲೇ ತಂದಿಡೋದು ಏನನ್ನ? ತಡವಾಗಿ ಬಂದ ಪ್ಯಾಕೆಟ್ (ಡೇಟಾದ ಪುಟ್ಟ ಕಟ್ಟು) ಬಂದೂ ದಂಡ. ಡಾಕ್ಟರ ಹತ್ತಿರ ಮಾತಾಡ್ತಿರೋರು, ಆನ್‌ಲೈನ್ ಇಂಟರ್‌ವ್ಯೂ ಕೊಡ್ತಿರೋರು ಸಿಕ್ಕಿಬೀಳೋದು ಇಲ್ಲೇ. ನನಗೆ ಹೊಟ್ಟೆ ಉರಿಯೋದೂ ಇದಕ್ಕೇ.

2020ರ ಮಾರ್ಚ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಹೊತ್ತಲ್ಲಿ, ನೆಟ್‌ಫ್ಲಿಕ್ಸ್ ಯೂರೋಪಿನಲ್ಲಿ 30 ದಿನದ ಮಟ್ಟಿಗೆ ಬಿಟ್‌ರೇಟ್ (ವಿಡಿಯೋ ಸೆಕೆಂಡಿಗೆ ಎಳೆಯೋ ಡೇಟಾ) ಇಳಿಸ್ತು, ಟ್ರಾಫಿಕ್ ಸುಮಾರು 25% ತಗ್ಗುತ್ತೆ ಅಂತ. ಆ ತುರ್ತಿಗೆ ಅದು ಸರಿ. ವರ್ಷಪೂರ್ತಿ ಗ್ರಾಹಕರಿಗೇ "ಕಮ್ಮಿ ನೋಡಿ" ಅನ್ನೋದನ್ನ ನಾನು ಒಪ್ಪಲ್ಲ.

ನೀವು ಮಾಡಬೇಕಾದ್ದು ಒಂದಿದೆ. ಎಷ್ಟೋ ಸಲ ತೊಂದರೆ ಮನೆಯೊಳಗಿನ ವೈಫೈನದ್ದೇ ಆಗಿರುತ್ತೆ. ಅದಕ್ಕೇ ರೂಟರ್‌ಗೆ ನೇರವಾಗಿ ಕೇಬಲ್ ಸಿಕ್ಕಿಸಿ, ಬೆಳಗಿನ ಜಾವ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ, ಕೆಲವು ದಿನ ವೇಗ ಅಳೆದು ಬರೆದಿಡಿ. ಬೆಳಗ್ಗೆ ಪೂರ್ತಿ ಬಂದು ರಾತ್ರಿ ಮಾತ್ರ ಕುಸಿದ್ರೆ, ಆ ಪಟ್ಟಿ ಸಮೇತ ಕಂಪನಿಗೆ ದೂರು ಕೊಡಿ.

ಬ್ರಿಟನ್‌ನಲ್ಲಿ 2018ರ ಮೇ ತಿಂಗಳಿಂದ ಒಂದು ನಿಯಮ ಇದೆ: ಜಾಹೀರಾತಿನಲ್ಲಿ ಹೇಳೋ ವೇಗ, ರಾತ್ರಿ 8ರಿಂದ 10ರ ನಡುವೆ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗಲೇಬೇಕು. ಎಲ್ಲ ದೇಶದಲ್ಲೂ ಇದು ಬರಬೇಕು. ಜೊತೆಗೆ, ನಮ್ಮ ಲೈನನ್ನ ಎಷ್ಟು ಮನೆಗೆ ಹಂಚಿದ್ದಾರೆ ಅನ್ನೋದೂ ಬಿಲ್ಲಿನಲ್ಲೇ ಇರಬೇಕು.