ಪುಡಿಗೆ ದಾರಿಯುಂಟು, ಮನುಷ್ಯನಿಗಿಲ್ಲ

ಕೇಳುಗರಿಗೆ ನಮಸ್ಕಾರ.

ಕಲ್ಲಿದ್ದಲು, ತೈಲ ಬಿಟ್ಟು ಬೇರೆ ಇಂಧನಗಳತ್ತ ಸರಿಯುವ ಇಂಧನ ಪರಿವರ್ತನೆ, ವಲಸೆ ನೀತಿ, ವಸಾಹತುಶಾಹಿಯ ಉಳಿಕೆ, ಈ ಮೂರರ ಬಗ್ಗೆ ವಿದ್ವಾಂಸರು ಏನು ಹೇಳುತ್ತಾರೆಂದು ತಿಳಿಸುವಂತೆ ಬಾನುಲಿಯವರು ನನ್ನನ್ನು ಕೇಳಿಕೊಂಡಿದ್ದಾರೆ. ವಿಶ್ವವಿದ್ಯಾಲಯಗಳಲ್ಲಿ ಈ ಮೂರಕ್ಕೂ ಬೇರೆ ಬೇರೆ ವಿಭಾಗಗಳಿವೆ. ಒಂದು ವಿಭಾಗದವರು ಇನ್ನೊಂದು ವಿಭಾಗದವರ ಬರಹ ಓದುವುದು ಅಪರೂಪ. ಇದು ನನಗೆ ಬಹಳ ಕಾಲದ ಬೇಸರ. ಏಕೆಂದರೆ ಪಶ್ಚಿಮ ಆಫ್ರಿಕಾದ ನೈಜರ್ ದೇಶದಲ್ಲಿ ಈ ಮೂರೂ ಒಂದೇ ರಸ್ತೆಯ ಮೇಲೆ ಕಣ್ಣಿಗೆ ಬೀಳುತ್ತವೆ.

ಆ ರಸ್ತೆಯ ಉತ್ತರದ ತುದಿಯಲ್ಲಿ, ಸಹಾರಾ ಮರುಭೂಮಿಯ ನಡುವೆ ಅರ್ಲಿಟ್ ಎಂಬ ಊರಿದೆ. ಯುರೇನಿಯಂ ಗಣಿಗಾಗಿಯೇ ಹುಟ್ಟಿದ ಊರು ಅದು. 1971ರಿಂದ ಹಲವು ದಶಕ ಅಲ್ಲಿ ಫ್ರೆಂಚ್ ನೇತೃತ್ವದ ಕಂಪನಿಗಳು ಅದಿರು ಅಗೆದು, ಅರೆದು, ಹಳದಿ ಪುಡಿ ಮಾಡಿ, ಪೀಪಾಯಿಗಳಲ್ಲಿ ತುಂಬಿ ಕಳಿಸಿದವು. ಪುಡಿ ಲಾರಿಯಲ್ಲಿ ಸುಮಾರು 2,000 ಕಿಲೋಮೀಟರ್ ದಕ್ಷಿಣಕ್ಕೆ ಸಾಗಿ, ಬೆನಿನ್ ದೇಶದ ಕೊಟೊನೂ ಬಂದರಿನಲ್ಲಿ ಹಡಗು ಹತ್ತಿ, ಫ್ರಾನ್ಸ್ ಸೇರುತ್ತಿತ್ತು. ಫ್ರಾನ್ಸಿನ ವಿದ್ಯುತ್ತಿನಲ್ಲಿ ಮೂರನೇ ಎರಡು ಭಾಗದಷ್ಟು ಪರಮಾಣು ಸ್ಥಾವರಗಳಿಂದ ಬರುತ್ತದೆ. 2022ರಲ್ಲಿ ಐರೋಪ್ಯ ಒಕ್ಕೂಟವು ಪರಮಾಣು ವಿದ್ಯುತ್ತನ್ನು, ಷರತ್ತುಗಳೊಂದಿಗೆ, ಹಸಿರು ಹೂಡಿಕೆಗಳ ಪಟ್ಟಿಗೂ ಸೇರಿಸಿತು. ಆದರೆ ಪುಡಿ ಹೊರಡುವ ನೈಜರಿನಲ್ಲಿ ಮನೆಗೆ ವಿದ್ಯುತ್ ಬಂದಿರುವುದು ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮಾತ್ರ. ಅರ್ಲಿಟ್ ಗಣಿಗಳ ಯಂತ್ರಗಳು ತಿರುಗಿದ್ದು ಕೂಡ ಕಲ್ಲಿದ್ದಲಿನಿಂದ. ಅದಕ್ಕೆಂದೇ, ಅದೇ ರಸ್ತೆಯಲ್ಲಿ ಅರ್ಲಿಟ್‌ಗೆ ದಕ್ಷಿಣಕ್ಕಿರುವ ಅಗಾಡೆಜ್ ನಗರದ ಹತ್ತಿರ, ಒಂದು ಕಲ್ಲಿದ್ದಲು ಸ್ಥಾವರ ಕಟ್ಟಿದ್ದರು.

ಇನ್ನು ಅಗಾಡೆಜ್‌ಗೆ ಬರುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಮೊದಲ ತರಗತಿಯಲ್ಲಿ ನಾನು ಹೇಳುವುದು ಅಲ್ಲಿಯ ಒಂದು ಕೋಲಿನ ವಿಷಯ. ಅಗಾಡೆಜ್‌ನಿಂದ, ಯುರೋಪಿನ ದಾರಿಯಲ್ಲಿರುವ ಲಿಬಿಯಾ ಕಡೆಗೆ ವಲಸಿಗರನ್ನು ಹೊತ್ತು ಹೊರಡುವ ಟೊಯೋಟಾ ಪಿಕ್‌ಅಪ್ ವಾಹನವನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಅದರ ಹಿಂಭಾಗದಲ್ಲಿ ಮೊದಲು ಮೂಟೆಗಳನ್ನು ಪೇರಿಸುತ್ತಾರೆ. ಗೋಣಿ ಸುತ್ತಿದ ನೀರಿನ ಕ್ಯಾನುಗಳನ್ನು ಎರಡೂ ಪಕ್ಕಕ್ಕೆ ನೇತುಹಾಕುತ್ತಾರೆ. ಗೋಣಿ ಒದ್ದೆಯಾಗಿದ್ದರೆ ಒಳಗಿನ ನೀರು ತಂಪಾಗಿರುತ್ತದೆ. ಆಮೇಲೆ ಆ ಮೂಟೆಗಳ ಮೇಲೆ ಇಪ್ಪತ್ತೈದು, ಮೂವತ್ತು ಜನ ಕೂರಬೇಕು. ಅಂಚಿನಲ್ಲಿ ಕೂತವರ ಕಾಲುಗಳು ಹೊರಗೆ ತೂಗಾಡುತ್ತವೆ. ಅವರು ಬೀಳದಿರಲು ಇರುವ ಏಕೈಕ ಆಸರೆ, ಮೂಟೆಗಳ ಸಂದಿಯಲ್ಲಿ ನೆಟ್ಟು ಎರಡು ತೊಡೆಗಳ ನಡುವೆ ಹಿಡಿದುಕೊಳ್ಳುವ ಒಂದು ಮರದ ಕೋಲು. ಮರಳಿನ ಮೇಲೆ ವಾಹನ ಓಡುವ ಎರಡು, ಮೂರು ದಿನ ಆ ಕೋಲೇ ಅವರ ಪ್ರಾಣ. ನಿದ್ದೆ ಹತ್ತಿ ಕೈ ಸಡಿಲಾದವನು ಬಿದ್ದದ್ದು ಚಾಲಕನ ಗಮನಕ್ಕೆ ಬರುತ್ತದೆಂಬ ಖಾತರಿಯಿಲ್ಲ.

ಆ ಚಾಲಕರನ್ನು ಕಳ್ಳಸಾಗಣೆದಾರರು ಎಂದು ಸುಮ್ಮನೆ ಕರೆದುಬಿಡುವವರನ್ನು ಕಂಡರೆ ನನಗೆ ಸಹನೆ ಉಳಿಯುವುದಿಲ್ಲ. ಅವರಲ್ಲಿ ಹಲವರು ಹಿಂದೆ ಪ್ರವಾಸಿಗರನ್ನು ಮರುಭೂಮಿ ಸುತ್ತಿಸುತ್ತಿದ್ದ ತುವಾರೆಗ್ ಜನ. 2007ರ ತುವಾರೆಗ್ ಬಂಡಾಯದ ನಂತರ ಪ್ರವಾಸಿಗರು ಬರುವುದು ನಿಂತುಹೋಯಿತು, ಅದೇ ದಾರಿ, ಅದೇ ವಾಹನ, ಪ್ರಯಾಣಿಕರು ಮಾತ್ರ ಬೇರೆಯಾದರು. ಆಗ ಅವರು ಹೊರಡುತ್ತಿದ್ದದ್ದು ಹಗಲಿನಲ್ಲಿ, ಸೈನ್ಯದ ಬೆಂಗಾವಲಿನ ಜೊತೆ. ಪ್ರಯಾಣಿಕರಿಗೂ ಅಗಾಡೆಜ್‌ವರೆಗೆ ಬರುವ ಹಕ್ಕಿತ್ತು; 1979ರ ಒಪ್ಪಂದದ ಪ್ರಕಾರ ಪಶ್ಚಿಮ ಆಫ್ರಿಕಾದ ಆರ್ಥಿಕ ಒಕ್ಕೂಟದ ಸದಸ್ಯ ದೇಶಗಳ ಪ್ರಜೆಗಳು ಪರಸ್ಪರರ ನಾಡಿಗೆ ವೀಸಾ ಇಲ್ಲದೆ ಹೋಗಿ 90 ದಿನ ಇರಬಹುದಾಗಿತ್ತು.

2015ರಲ್ಲಿ, ಯುರೋಪಿನ ಒತ್ತಾಯ ಮತ್ತು ಹಣದ ಬೆಂಬಲದೊಂದಿಗೆ, ನೈಜರ್ ಒಂದು ಕಾನೂನು ಮಾಡಿತು. ಅಗಾಡೆಜ್‌ನಿಂದ ಉತ್ತರಕ್ಕೆ ವಲಸಿಗರನ್ನು ಒಯ್ಯುವುದು ಸೆರೆವಾಸದ ಅಪರಾಧವಾಯಿತು. ಚಾಲಕರು ಜೈಲು ಸೇರಿದರು, ವಾಹನಗಳು ಜಪ್ತಿಯಾದವು. ಉಳಿದವರು ರಾತ್ರಿ ಹೊರಡತೊಡಗಿದರು. ಬಾವಿಗಳ ಬಳಿ ಸೈನಿಕರು ಕಾದಿರುತ್ತಾರೆಂದು ಬಾವಿಗಳಿರುವ ದಾರಿಯನ್ನೇ ಬಿಟ್ಟರು. ಬಾವಿಯಿಲ್ಲದ ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷಗಳಲ್ಲೂ ಅರ್ಲಿಟ್‌ನಿಂದ ಪೀಪಾಯಿ ತುಂಬಿದ ಲಾರಿಗಳು ಅದೇ ಅಗಾಡೆಜ್ ದಾಟಿ ದಕ್ಷಿಣಕ್ಕೆ ಹೋಗುತ್ತಲೇ ಇದ್ದವು. ಪುಡಿಗೆ ಯುರೋಪಿನವರೆಗೆ ದಾರಿಯುಂಟು, ಮನುಷ್ಯನಿಗೆ ಇಲ್ಲ. ಈ ಒಂದು ವಾಕ್ಯವನ್ನು ನೀವು ನೆನಪಿಟ್ಟುಕೊಂಡರೆ ನನಗೆ ಸಾಕು.

ಕೋಲಿನ ಕಥೆಯಲ್ಲಿ ಸಮಯ ಹೆಚ್ಚು ಹೋಯಿತು. ವಸಾಹತುಶಾಹಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನೈಜರ್ ಸ್ವತಂತ್ರವಾದದ್ದು 1960ರ ಆಗಸ್ಟ್ 3ರಂದು. ಒಂದು ವರ್ಷ ತುಂಬುವ ಮೊದಲೇ, 1961ರ ಏಪ್ರಿಲ್‌ನಲ್ಲಿ, ಅದು ಫ್ರಾನ್ಸಿನೊಂದಿಗೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿತು. ಆ ಒಪ್ಪಂದದ ಅನುಬಂಧದಲ್ಲಿ ಕೆಲವು ಖನಿಜಗಳನ್ನು ಹೆಸರಿಸಿ, ಅವುಗಳ ಮಾರಾಟದಲ್ಲಿ ಫ್ರಾನ್ಸಿಗೆ ಆದ್ಯತೆ ಎಂದು ಬರೆದಿದ್ದಾರೆ. ಯುರೇನಿಯಂ ಆ ಪಟ್ಟಿಯಲ್ಲಿದೆ. ಲಿಥಿಯಂ ಕೂಡ ಇದೆ! ಇಂದು ವಿದ್ಯುತ್ ಕಾರುಗಳ ಬ್ಯಾಟರಿಗೆ ಬೇಕಾದ ಲಿಥಿಯಂ. ಇಂಧನ ಪರಿವರ್ತನೆಯನ್ನು ಹೊಚ್ಚಹೊಸ ಯುಗವೆಂದು ವರ್ಣಿಸುವ ಮಿತ್ರರು ಆ ಅನುಬಂಧವನ್ನು ಒಮ್ಮೆ ಓದಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಇತಿಹಾಸಕಾರ್ತಿ ಗೇಬ್ರಿಯೆಲ್ ಹೆಕ್ಟ್ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದ್ದಾರೆ: 1995ರ ಅಮೆರಿಕ ಸರ್ಕಾರದ ವರದಿಯೊಂದರ ಪ್ರಕಾರ ನೈಜರಿನಲ್ಲಿ ಯಾವುದೇ ಪರಮಾಣು ಚಟುವಟಿಕೆ ಇರಲಿಲ್ಲ. ಅಗೆಯುವ ಕೈಗಳು ಲೆಕ್ಕಕ್ಕೇ ಬರಲಿಲ್ಲ. ಅರ್ಲಿಟ್‌ನ ಎರಡು ಗಣಿಗಳಲ್ಲಿ ಒಂದು 2021ರಲ್ಲಿ ಮುಚ್ಚಿತು. ಅದು ಬಿಟ್ಟುಹೋದ ಸುಮಾರು 2 ಕೋಟಿ ಟನ್ ವಿಕಿರಣಶೀಲ ತ್ಯಾಜ್ಯ ಊರಿನ ಪಕ್ಕದಲ್ಲೇ ಬಯಲಿನಲ್ಲಿ ಬಿದ್ದಿದೆ. ಅದಕ್ಕಂತೂ ಎಲ್ಲಿಗೂ ದಾರಿಯಿಲ್ಲ.

2023ರ ಜುಲೈನಲ್ಲಿ ನೈಜರಿನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ನವೆಂಬರಿನಲ್ಲಿ ಹೊಸ ಸರ್ಕಾರ 2015ರ ಕಾನೂನನ್ನು ರದ್ದುಮಾಡಿತು. ಅಗಾಡೆಜ್‌ನ ವಾಹನಗಳು ಮತ್ತೆ ಹಗಲಿನಲ್ಲಿ ಹೊರಟವು. ಅತ್ತ ಬೆನಿನ್ ಗಡಿ ಮುಚ್ಚಿದ್ದರಿಂದ ಪೀಪಾಯಿಗಳು ಅರ್ಲಿಟ್‌ನಲ್ಲೇ ಉಳಿದವು. ಆಗ ಫ್ರಾನ್ಸಿನಲ್ಲಿ ಒಂದು ದೀಪವೂ ಆರಲಿಲ್ಲ, ಅದು ಕಝಾಕಿಸ್ತಾನ, ಕೆನಡಾಗಳಿಂದಲೂ ಯುರೇನಿಯಂ ಕೊಳ್ಳುತ್ತದೆ. ನೈಜರ್ ಆಗ ತನ್ನ ವಿದ್ಯುತ್ತಿನ ಬಹುಪಾಲನ್ನು ಕೊಳ್ಳುತ್ತಿದ್ದದ್ದು ಪಕ್ಕದ ನೈಜೀರಿಯಾದಿಂದ. ಸೈನ್ಯದ ಆಡಳಿತದ ವಿರುದ್ಧ ಪಶ್ಚಿಮ ಆಫ್ರಿಕಾದ ಒಕ್ಕೂಟ ಹೇರಿದ ದಿಗ್ಬಂಧನದ ಭಾಗವಾಗಿ ನೈಜೀರಿಯಾ ಆ ತಂತಿಯನ್ನು ಕಡಿದ ಕೂಡಲೇ ರಾಜಧಾನಿ ನಿಯಾಮೆಯ ಬಡಾವಣೆಗಳು ಗಂಟೆಗಟ್ಟಲೆ ಕತ್ತಲಲ್ಲಿ ಕುಳಿತವು.

ನಮಸ್ಕಾರ.