ಫೋರ್‌ಕಾಸ್ಟ್ ಎಂದರೆ ಲೆಕ್ಕ, ಕಣಿಯಲ್ಲ

ಕೇಳುಗರಿಗೆ ನಮಸ್ಕಾರ. ಇವತ್ತು ಒಂದೇ ಒಂದು ಇಂಗ್ಲಿಷ್ ಪದ ತಂದಿದ್ದೇನೆ. ಫೋರ್‌ಕಾಸ್ಟ್. ಮಕ್ಕಳನ್ನು ಕೇಳಿದರೆ ತಟ್ಟನೆ ‘ಭವಿಷ್ಯ ನುಡಿಯುವುದು’ ಅನ್ನುತ್ತಾರೆ. ಅಲ್ಲ! ಅದಕ್ಕೆ ಪ್ರಾಫೆಸಿ ಎಂಬ ಬೇರೆ ಪದವೇ ಇದೆ. ಫೋರ್‌ಕಾಸ್ಟ್ ಎಂದರೆ ಲೆಕ್ಕ.

ಪದವನ್ನು ಬಿಡಿಸಿ ನೋಡೋಣ. ಫೋರ್ ಎಂದರೆ ಮುಂಚೆ. ಕಾಸ್ಟ್ ಎಂದರೆ ಎಸೆ, ಹಾಕು. ಹಿಂದಿನ ಇಂಗ್ಲಿಷಿನಲ್ಲಿ ಜಮಾಖರ್ಚು ಕೂಡುವುದಕ್ಕೂ ಕಾಸ್ಟ್ ಅನ್ನುತ್ತಿದ್ದರು. ನಾವೂ ಬಲೆ ಹಾಕುತ್ತೇವೆ, ಲೆಕ್ಕ ಹಾಕುತ್ತೇವೆ, ಅಲ್ವಾ? ಹಾಗೆಯೇ ಇದು. ಮುಂಚೆಯೇ ಲೆಕ್ಕ ಹಾಕುವುದು.

ಈ ಪದವನ್ನು ಹವಾಮಾನಕ್ಕೆ ತಂದವರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಲೋಕ ಸುತ್ತಿದ ಬೀಗಲ್ ಹಡಗಿನ ಕ್ಯಾಪ್ಟನ್ ಇವರೇ. 1854ರಲ್ಲಿ ಬ್ರಿಟನ್ ಸರ್ಕಾರ ಹವಾಮಾನದ ಹೊಸ ಇಲಾಖೆಯನ್ನು ಇವರ ಕೈಗೆ ಕೊಟ್ಟಿತು. 1859ರ ಅಕ್ಟೋಬರ್‌ನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಆಸ್ಟ್ರೇಲಿಯಾದಿಂದ ಲಿವರ್‌ಪೂಲಿಗೆ ವಾಪಸ್ ಬರುತ್ತಿತ್ತು. ಅಲ್ಲಿ ಚಿನ್ನ ಅಗೆದು ದುಡ್ಡು ಮಾಡಿಕೊಂಡವರು ಅದರಲ್ಲಿದ್ದರು. ಇನ್ನೇನು ಊರು ಸಿಕ್ಕಿತು ಅನ್ನುವಾಗ, ವೇಲ್ಸ್ ಕರಾವಳಿಯಲ್ಲಿ ಬಿರುಗಾಳಿ ಹಡಗನ್ನು ಬಂಡೆಗೆ ಬಡಿಯಿತು. ಸುಮಾರು 450 ಜನ ಸತ್ತರು. ದಡ ಕೂಗಳತೆಯಲ್ಲಿತ್ತು!

ಫಿಟ್ಜ್‌ರಾಯ್ ಸುಮ್ನೆ ಕೂರಲಿಲ್ಲ. ಬೇರೆ ಬೇರೆ ಊರುಗಳಿಂದ ವಾಯುಭಾರ, ಗಾಳಿಯ ದಿಕ್ಕು, ಉಷ್ಣಾಂಶ ಎಲ್ಲವನ್ನೂ ತಂತಿ ಮೂಲಕ ತರಿಸಿದರು. ಒಟ್ಟಿಗಿಟ್ಟು ತಾಳೆ ನೋಡಿದರು. 1861ರ ಫೆಬ್ರವರಿಯಿಂದ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಹೋಗತೊಡಗಿತು. ಅದೇ ವರ್ಷ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಮುಂದಿನ ಎರಡು ದಿನದ ಹವೆ ಅಚ್ಚಾಯಿತು. ಉತ್ತರದಲ್ಲಿ ಹದವಾದ ಪಡುವಣ ಗಾಳಿ, ಒಳ್ಳೆಯ ಹವೆ. ಹೀಗೆ ನಾಲ್ಕೇ ಮಾತು. ಇದಕ್ಕೆ ಏನೆಂದು ಹೆಸರಿಡುವುದು? ಇದು ಪ್ರಾಫೆಸಿ ಅಲ್ಲ, ಪ್ರಿಡಿಕ್ಷನ್ನೂ ಅಲ್ಲ, ಲೆಕ್ಕ ಹಾಕಿ ತಲುಪಿದ ಅಭಿಪ್ರಾಯ, ಇದಕ್ಕೆ ಫೋರ್‌ಕಾಸ್ಟ್ ಎಂಬುದೇ ಸರಿ ಎಂದು ಅವರೇ ಬರೆದಿಟ್ಟಿದ್ದಾರೆ. ಆ ಮನುಷ್ಯನ ಮೇಲೆ ನನಗೆ ತುಂಬ ಗೌರವ. ಪದ ಆರಿಸುವಾಗಲೂ ಅಳೆದು ತೂಗಿ ಆರಿಸಿದರು.

ಸಮಯ ಜಾಸ್ತಿ ಉಳಿದಿಲ್ಲ. ಬಳಕೆಯನ್ನು ಬೇಗ ಹೇಳಿಬಿಡುತ್ತೇನೆ. ಮಳೆ, ಬೆಳೆ, ವ್ಯಾಪಾರ, ಬಜೆಟ್, ಅಂಕಿ ಇರುವ ಕಡೆಯೆಲ್ಲ ಫೋರ್‌ಕಾಸ್ಟ್. ದೇವರು ನುಡಿಸಿದ ಮಾತು ಪ್ರಾಫೆಸಿ. ಅದನ್ನು ನುಡಿಯುವ ಕ್ರಿಯೆಗೆ ‘ಪ್ರಾಫೆಸೈ’ ಎಂದು ಉಚ್ಚಾರ, ಕಾಗುಣಿತವೂ ಬೇರೆ. ಫೋರ್‌ಕಾಸ್ಟ್‌ಗೆ ಆ ತೊಂದರೆ ಇಲ್ಲ. ನಾಮಪದಕ್ಕೂ ಅದೇ, ಕ್ರಿಯಾಪದಕ್ಕೂ ಅದೇ, ನಿನ್ನೆಯ ಮಾತಿಗೂ ಅದೇ. ಆದರೆ ಮಕ್ಕಳೇ, ದಯವಿಟ್ಟು ‘ಕೊರವಂಜಿ ಫೋರ್‌ಕಾಸ್ಟ್ ಹೇಳಿದಳು’ ಎಂದು ಮಾತ್ರ ಬರೆಯಬೇಡಿ. ಇದನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಕೊರವಂಜಿ ಹೇಳುವುದು ಕಣಿ. ಫೋರ್‌ಕಾಸ್ಟ್ ಲೆಕ್ಕ.

ಇನ್ನು ಸ್ವಲ್ಪ ಹೊತ್ತಿನಲ್ಲಿ ವಾರ್ತೆಗಳ ಕೊನೆಗೆ ಹವಾಮಾನ ಮುನ್ಸೂಚನೆ ಬರುತ್ತದೆ. ಆ ಮುನ್ಸೂಚನೆಯೇ ಫೋರ್‌ಕಾಸ್ಟ್. ರೇಡಿಯೊ ಆಫ್ ಮಾಡದೆ ಕೇಳಿ. ನಮಸ್ಕಾರ.